ಚಾಲಕನಿಲ್ಲದ ರೈಲು, ಕಣ್ಮರೆಯಾಗದ ದುಡಿಮೆ

ಪಶ್ಚಿಮ ಆಸ್ಟ್ರೇಲಿಯದ ಪಿಲ್ಬರಾ ಸೀಮೆಯ ಕೆಂಪು ನೆಲದ ಮೇಲೆ ಹಗಲಿರುಳೆನ್ನದೆ ರೈಲುಗಳು ಓಡುತ್ತವೆ. ಮುಂದೆ ಎರಡು ಅಥವಾ ಮೂರು ಎಂಜಿನ್‌ಗಳು, ಹಿಂದೆ ಸುಮಾರು 240 ವ್ಯಾಗನ್‌ಗಳು, ವ್ಯಾಗನ್ ತುಂಬ ಕಬ್ಬಿಣದ ಅದಿರು. ಇಂಥ ಒಂದು ರೈಲಿನ ಉದ್ದ ಸುಮಾರು 2.4 ಕಿಲೋಮೀಟರ್. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರಂ ಎಂದು ಹೆಸರಾದ ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರಂ 1,507 ಮೀಟರ್ ಉದ್ದವಿದೆ. ಪಿಲ್ಬರಾದ ರೈಲೊಂದು ಅಲ್ಲಿಗೆ ಬಂದು ನಿಂತರೆ ಅದರ ಬಾಲ ಸುಮಾರು 900 ಮೀಟರ್‌ನಷ್ಟು ಹೊರಗೇ ಉಳಿದೀತು. ಆದರೆ ಈ ರೈಲಿನ ವಿಶೇಷ ಅದರ ಉದ್ದವಲ್ಲ. ಎಂಜಿನ್ನಿನ ಕೋಣೆಯಲ್ಲಿ ಚಾಲಕನ ಪೀಠವಿದೆ, ಅದರ ಮುಂದೆ ಗಾಜಿದೆ, ಕೈಗೆಟುಕುವಂತೆ ಬ್ರೇಕಿನ ಹಿಡಿಯಿದೆ. ಪೀಠದ ಮೇಲೆ ಮಾತ್ರ ಯಾರೂ ಇಲ್ಲ.

ರಿಯೊ ಟಿಂಟೊ ಎಂಬ ಗಣಿ ಸಂಸ್ಥೆಯ ಈ ವ್ಯವಸ್ಥೆಗೆ 'ಆಟೊಹಾಲ್' ಎಂದು ಹೆಸರು. ದೂರದ ಹಾದಿಯಲ್ಲಿ ಭಾರಿ ತೂಕವನ್ನು ಚಾಲಕನಿಲ್ಲದೆ ಸಾಗಿಸುವ, ಇಷ್ಟು ದೊಡ್ಡ ಪ್ರಮಾಣದ ಮೊದಲ ರೈಲು ಜಾಲ ಇದು. ಇದರ ಮೇಲೆ ಕಣ್ಣಿಡುವವರು ಕುಳಿತಿರುವುದು ಸುಮಾರು 1,500 ಕಿಲೋಮೀಟರ್ ದೂರದ ಪರ್ತ್ ನಗರದಲ್ಲಿ, ವಿಮಾನ ನಿಲ್ದಾಣದ ಸಮೀಪದ ಒಂದು ಕಟ್ಟಡದಲ್ಲಿ. ಬೀದರಿನಿಂದ ಬೆಂಗಳೂರಿಗೆ ಹೋಗಿ, ಮತ್ತೆ ಬೀದರಿಗೆ ಹಿಂದಿರುಗಿದರೂ ಆ ದೂರ ತುಂಬದು.

ಪರ್ತ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಪಿಲ್ಬರಾ ಒಂದು ವಿಚಿತ್ರ ನೆರೆ. ನಮ್ಮಲ್ಲಿ ಅನೇಕರ ಅನ್ನ ನೇರವಾಗಿಯೋ ಬಳಸುದಾರಿಯಲ್ಲಿಯೋ ಆ ನೆಲದಿಂದಲೇ ಬರುತ್ತದೆ. ಆದರೂ ನಮ್ಮಲ್ಲಿ ಅದನ್ನು ಕಣ್ಣಾರೆ ಕಂಡವರು ಕಡಿಮೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪಕ್ಕದಲ್ಲಿ ಕುಳಿತವರನ್ನು ವಿಚಾರಿಸಿದರೆ ಒಬ್ಬರು ಗಣಿಯ ತಂತ್ರಾಂಶ ಬರೆಯುವವರು, ಇನ್ನೊಬ್ಬರು ಸಿಗ್ನಲ್ ಎಂಜಿನಿಯರ್, ಮತ್ತೊಬ್ಬರು ಅದಿರಿನ ಲೆಕ್ಕಪತ್ರ ನೋಡುವವರು. ಹೀಗಿರುವಾಗ ಈ ಚಾಲಕನಿಲ್ಲದ ರೈಲಿನ ಕಥೆ ನಮಗೆ ಹೊರಗಿನದೇನೂ ಅಲ್ಲ. ಚಾಲಕ ಎಲ್ಲಿ ಹೋದ, ಅವನ ಕೆಲಸ ಯಾರ ಪಾಲಾಯಿತು ಎಂಬ ಪ್ರಶ್ನೆಯ ಉತ್ತರದಲ್ಲಿ ನಾವೂ ಸೇರಿದ್ದೇವೆ.

ಕೆಂಪು ನೆಲಕ್ಕೆ ಹಳಿ ಬಂದ ಬಗೆ

ಪಿಲ್ಬರಾದ ವಿಸ್ತೀರ್ಣ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಎಂದರೆ ಕರ್ನಾಟಕದಂಥ ಎರಡೂವರೆ ರಾಜ್ಯಗಳು ಅದರಲ್ಲಿ ಅಡಗಬಹುದು. ಜನಸಂಖ್ಯೆಯಾದರೋ ನಮ್ಮ ಒಂದು ಸಾಧಾರಣ ತಾಲ್ಲೂಕು ಕೇಂದ್ರದಷ್ಟು, ಸುಮಾರು 60 ಸಾವಿರ. ಅಲ್ಲಿಯ ಮಾರ್ಬಲ್ ಬಾರ್ ಎಂಬ ಊರಿನಲ್ಲಿ 1923–24ರ ಬೇಸಿಗೆಯಲ್ಲಿ ಸತತ 160 ದಿನ ಹಗಲಿನ ಗರಿಷ್ಠ ಉಷ್ಣಾಂಶ 37.8 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಕರಾವಳಿಯ ಆನ್‌ಸ್ಲೋ ಎಂಬಲ್ಲಿ 2022ರ ಜನವರಿ 13ರಂದು 50.7 ಡಿಗ್ರಿ ದಾಖಲಾಯಿತು. ಬೇಸಿಗೆ ಮುಗಿಯುವ ಮುನ್ನ ಚಂಡಮಾರುತಗಳ ಕಾಟ ಬೇರೆ.

ಈ ನೆಲದ ಕಬ್ಬಿಣವನ್ನು ಜಗತ್ತು ಅರಿತದ್ದು ತಡವಾಗಿ. ದೇಶದಲ್ಲಿ ಅದಿರು ಕಡಿಮೆ ಇದೆಯೆಂಬ ಎಣಿಕೆಯಿಂದ ಆಸ್ಟ್ರೇಲಿಯ ಸರ್ಕಾರ 1938ರಲ್ಲಿ ಅದರ ರಫ್ತನ್ನೇ ನಿಷೇಧಿಸಿತ್ತು. ನಿಷೇಧ ಸಡಿಲವಾದದ್ದು 1960ರಲ್ಲಿ. ಯುದ್ಧದ ಬೂದಿಯಿಂದ ಎದ್ದು ಉಕ್ಕಿನ ಕಾರ್ಖಾನೆಗಳನ್ನು ಕಟ್ಟುತ್ತಿದ್ದ ಜಪಾನ್ ಕೊಳ್ಳಲು ಸಿದ್ಧವಾಗಿ ನಿಂತಿತ್ತು. 1966ರಲ್ಲಿ ಟಾಮ್ ಪ್ರೈಸ್ ಗಣಿಯಿಂದ ಡ್ಯಾಂಪಿಯರ್ ಬಂದರಿಗೆ ಹಳಿಯ ಮೇಲೆ ಅದಿರು ಹರಿಯತೊಡಗಿತು. ಗಣಿಗಾಗಿಯೇ ಊರು, ಊರಿಗಾಗಿಯೇ ನೀರು, ಹಡಗಿಗಾಗಿಯೇ ಬಂದರು. ಎಲ್ಲವನ್ನೂ ಬರಿಯ ಬಯಲಿನಲ್ಲಿ ಹೊಸದಾಗಿ ಕಟ್ಟಿದರು. ಇಂದು ಅಲ್ಲಿಯ ಅದಿರಿನ ಬಹುಪಾಲನ್ನು ಕೊಳ್ಳುವುದು ಚೀನಾ. ಈ ರೈಲುಮಾರ್ಗಗಳು ಗಣಿ ಸಂಸ್ಥೆಗಳ ಸ್ವಂತದವು. ದೇಶದ ಉಳಿದ ರೈಲುಜಾಲಕ್ಕೆ ಅವು ಸೇರಿಲ್ಲ. ಪ್ರಯಾಣಿಕರನ್ನು ಹೊತ್ತು ಓಡುವ ರೈಲುಗಳೂ ಅಲ್ಲಿಲ್ಲ. ಚಾಲಕನಿಲ್ಲದೆ ರೈಲು ಓಡಿಸುವ ಸಾಹಸಕ್ಕೆ ಅನುಕೂಲವಾದ ಮೊದಲ ಕಾರಣ ಇದೇ. ಹಳಿ ತನ್ನದು, ರೈಲು ತನ್ನದು, ಸರಕು ತನ್ನದು, ಬಂದರೂ ತನ್ನದು. ಇನ್ನೊಬ್ಬರ ವೇಳಾಪಟ್ಟಿಗೆ ಕಾಯಬೇಕಿಲ್ಲ.

ಎರಡನೆಯ ಕಾರಣ ದೂರ. ಒಂದು ರೈಲು ಬಂದರಿನಿಂದ ಗಣಿಗೆ ಹೋಗಿ, ಅದಿರು ತುಂಬಿಕೊಂಡು ಬಂದು, ಬರಿದುಮಾಡಿ ಸಿದ್ಧವಾಗುವ ಒಂದು ಸುತ್ತು ಸರಾಸರಿ 800 ಕಿಲೋಮೀಟರ್, ಸುಮಾರು 40 ಗಂಟೆ. ಯಾವ ಮನುಷ್ಯನೂ 40 ಗಂಟೆ ಎಂಜಿನ್ನಿನಲ್ಲಿ ಕೂರಲಾರ. ಹಾದಿಯ ನಡುವೆ ರೈಲನ್ನು ನಿಲ್ಲಿಸಿ ಚಾಲಕನನ್ನು ಬದಲಿಸಬೇಕು. ಬದಲಿ ಚಾಲಕನನ್ನು ಜನವಸತಿಯಿಲ್ಲದ ಬಯಲಿಗೆ ವಾಹನದಲ್ಲಿ ಒಯ್ಯಬೇಕು, ಪಾಳಿ ಮುಗಿಸಿದವನನ್ನು ಕರೆತರಬೇಕು. ಸಂಸ್ಥೆಯ ಹೇಳಿಕೆಯಂತೆ, ಚಾಲಕರನ್ನು ಹೀಗೆ ಒಯ್ದು ತರುವುದಕ್ಕಾಗಿಯೇ ವರ್ಷಕ್ಕೆ ಸುಮಾರು 15 ಲಕ್ಷ ಕಿಲೋಮೀಟರ್ ರಸ್ತೆ ಪ್ರಯಾಣ ನಡೆಯುತ್ತಿತ್ತು. ದಣಿದ ಚಾಲಕ, ಇರುಳಿನ ರಸ್ತೆ, ಅಡ್ಡ ಬರುವ ಕಾಂಗರೂ ಮತ್ತು ದನಗಳು, ಇವುಗಳ ಅಪಾಯ ರೈಲಿನ ಅಪಾಯಕ್ಕಿಂತ ಕಡಿಮೆಯದೇನಲ್ಲ. ಚಾಲಕನನ್ನು ಇಳಿಸುವ ಯೋಚನೆಯ ಹಿಂದೆ ಲಾಭದ ಲೆಕ್ಕವಿತ್ತು, ನಿಜ. ಆದರೆ ಈ ರಸ್ತೆಗಳ ಲೆಕ್ಕವೂ ಇತ್ತು.

ಯಂತ್ರ ನಡೆಸುವುದು ಹೇಗೆ?

ಗಣಿಯಲ್ಲಿ ರೈಲು ದೊಡ್ಡದೊಂದು ಅದಿರಿನ ಕಣಜದ ಕೆಳಗೆ ಮನುಷ್ಯನ ನಡಿಗೆಗಿಂತಲೂ ನಿಧಾನವಾಗಿ ತೆವಳುತ್ತದೆ. ಮೇಲಿನಿಂದ ಒಂದೊಂದೇ ವ್ಯಾಗನ್ನಿಗೆ ಅದಿರು ಸುರಿಯುತ್ತದೆ. ತುಂಬಿದ ರೈಲಿಗೆ ಪರ್ತ್‌ನ ನಿಯಂತ್ರಕರು ಹಾದಿಯನ್ನು ಗೊತ್ತುಮಾಡಿಕೊಡುತ್ತಾರೆ. ಅಲ್ಲಿಂದ ಮುಂದಿನದು ಎಂಜಿನ್ನಿನೊಳಗಿನ ಗಣಕದ ಹೊಣೆ. ಹಳಿಯ ಏರು ಎಲ್ಲಿ, ಇಳಿತ ಎಲ್ಲಿ, ತಿರುವು ಎಲ್ಲಿ, ಎಲ್ಲಿ ಎಷ್ಟು ವೇಗ ಸಲ್ಲುತ್ತದೆ ಎಂಬ ನಕ್ಷೆ ಅದರಲ್ಲಿದೆ. ಮುಂದಿನ ಹಾದಿ ತೆರವಾಗಿದೆಯೇ ಎಂಬುದನ್ನು ರೇಡಿಯೊ ಸಂಪರ್ಕದ ಮೂಲಕ ಅದು ತಿಳಿಯುತ್ತಲೇ ಇರುತ್ತದೆ. ಸಂಪರ್ಕ ಕಡಿದರೆ ಅಥವಾ ಅನುಮಾನ ಬಂದರೆ ನಿಂತುಬಿಡುವುದು ಅದಕ್ಕೆ ಕಲಿಸಿದ ಮೊದಲ ಪಾಠ.

ಇಷ್ಟು ಭಾರದ ರೈಲನ್ನು ಓಡಿಸುವುದು ಕಾರು ಓಡಿಸಿದಂತಲ್ಲ. ದಿಬ್ಬವೊಂದನ್ನು ದಾಟುವಾಗ ರೈಲಿನ ಮುಂಭಾಗ ಇಳಿಯುತ್ತಿರುತ್ತದೆ, ಹಿಂಭಾಗ ಇನ್ನೂ ಏರುತ್ತಿರುತ್ತದೆ. ನಡುವಿನ ಕೊಂಡಿಗಳ ಮೇಲೆ ಬೀಳುವ ಎಳೆತ ಭಯಂಕರವಾದದ್ದು. ತುಸು ಒರಟಾಗಿ ಬ್ರೇಕ್ ಹಾಕಿದರೆ ಕೊಂಡಿ ಮುರಿಯಬಹುದು. ಪೂರ್ಣ ವೇಗದಲ್ಲಿರುವಾಗ ನಿಲ್ಲಿಸಹೊರಟರೆ ರೈಲು ನಿಲ್ಲುವುದು ಕಿಲೋಮೀಟರುಗಟ್ಟಲೆ ಮುಂದೆ. ಅನುಭವಿ ಚಾಲಕನೊಬ್ಬ ವರ್ಷಗಟ್ಟಲೆ ಮೈಗೂಡಿಸಿಕೊಂಡ ಈ ಹದವನ್ನು ಲೆಕ್ಕಕ್ಕೆ ಇಳಿಸಿ ಯಂತ್ರಕ್ಕೆ ಉಣಿಸಿದ್ದೇ ಆಟೊಹಾಲ್‌ನ ನಿಜವಾದ ಸಾಧನೆ. ಹಳಿಯ ಬದಿಯಲ್ಲಿ ಚಕ್ರದ, ಬೇರಿಂಗಿನ ಬಿಸಿಯನ್ನು ಅಳೆಯುವ ಸಾಧನಗಳಿವೆ. ರಸ್ತೆ ಅಡ್ಡಹಾಯುವ ಲೆವೆಲ್ ಕ್ರಾಸಿಂಗ್‌ಗಳಲ್ಲಿ ಕ್ಯಾಮೆರಾಗಳಿವೆ. ಹಳಿಯ ಮೇಲೆ ವಾಹನವೇನಾದರೂ ಸಿಕ್ಕಿಕೊಂಡಿದೆಯೇ ಎಂದು ಪತ್ತೆಹಚ್ಚುವ ಉಪಕರಣಗಳಿವೆ. ಬಂದರಿಗೆ ಬಂದಮೇಲೆ ವ್ಯಾಗನ್‌ಗಳನ್ನು ಬಿಡಿಸುವ ಗೋಜಿಲ್ಲ. ದೈತ್ಯ ಯಂತ್ರವೊಂದು ಅವನ್ನು ಇದ್ದಲ್ಲೇ ತಲೆಕೆಳಗುಮಾಡಿ ಅದಿರನ್ನು ಕೊಡವುತ್ತದೆ.

ಚಾಲಕನಿಲ್ಲದ ಗಣಿ ರೈಲು ತೀರ ಹೊಸ ಕಲ್ಪನೆಯೇನೂ ಅಲ್ಲ. ಕೆನಡಾದ ಲ್ಯಾಬ್ರಡಾರ್‌ನಲ್ಲಿ ಗಣಿಯಿಂದ ಕಾರ್ಖಾನೆಗೆ ಅದಿರು ಸಾಗಿಸುವ ಕೆಲವೇ ಕಿಲೋಮೀಟರಿನ ಹಾದಿಯಲ್ಲಿ 1960ರ ದಶಕದಲ್ಲೇ ಸ್ವಯಂಚಾಲಿತ ರೈಲುಗಳು ಓಡಿದ್ದವು. ಆದರೆ 1,700 ಕಿಲೋಮೀಟರಿನ ಜಾಲಕ್ಕೆ ಅದನ್ನು ಹಬ್ಬಿಸುವುದು ಬೇರೆಯೇ ಮಾತು. ಆಟೊಹಾಲ್ ಯೋಜನೆ ಘೋಷಣೆಯಾದದ್ದು 2012ರಲ್ಲಿ. ನಿಗದಿತ ಗಡುವು ಮೀರಿತು, ವೆಚ್ಚ ಸುಮಾರು 94 ಕೋಟಿ ಅಮೆರಿಕನ್ ಡಾಲರ್‌ಗೆ ಏರಿತು. 2017ರಲ್ಲಿ ರೈಲೊಂದು ಚಾಲಕನಿಲ್ಲದೆ ಸುಮಾರು 100 ಕಿಲೋಮೀಟರ್ ಓಡಿ ತೋರಿಸಿತು. 2018ರ ಮೇ ತಿಂಗಳಲ್ಲಿ ರಾಷ್ಟ್ರೀಯ ರೈಲು ಸುರಕ್ಷತಾ ನಿಯಂತ್ರಣ ಕಚೇರಿಯ ಒಪ್ಪಿಗೆ ದೊರೆಯಿತು. ಅದೇ ವರ್ಷ ಜುಲೈ 10ರಂದು ಮೂರು ಎಂಜಿನ್‌ಗಳ ರೈಲೊಂದು ಟಾಮ್ ಪ್ರೈಸ್ ಬಳಿಯ ಗಣಿಯಿಂದ ಕೇಪ್ ಲ್ಯಾಂಬರ್ಟ್ ಬಂದರಿಗೆ ಸುಮಾರು 280 ಕಿಲೋಮೀಟರ್ ದೂರವನ್ನು ಚಾಲಕನಿಲ್ಲದೆ ಕ್ರಮಿಸಿತು. ಅದು ಹೊತ್ತು ತಂದ ಅದಿರು ಸುಮಾರು 28,000 ಟನ್. ಬಳ್ಳಾರಿಯ ಗಣಿಧೂಳು ಕುಡಿದವರಿಗೆ ಈ ಲೆಕ್ಕ ಬೇಗ ತಿಳಿದೀತು: 16 ಟನ್ ಹೊರುವ ಲಾರಿಗಳಾದರೆ 1,750 ಲಾರಿಗಳು ಸಾಲುಗಟ್ಟಬೇಕಾಗುತ್ತಿತ್ತು. ಆ ವರ್ಷದ ಕೊನೆಯ ವೇಳೆಗೆ ಇಡೀ ಜಾಲದಲ್ಲಿ ಚಾಲಕನಿಲ್ಲದ ಓಡಾಟ ನೆಲೆಯೂರಿತು.

ಪಾಳಿ ಮುಗಿಸಿ ಮನೆಗೆ

ಈ ಬದಲಾವಣೆ ಪರ್ತ್‌ನ ಮನೆಗಳಲ್ಲಿ ಏನು ಮಾಡಿತು ಎಂಬುದನ್ನು ನೋಡಬೇಕಾದರೆ ಗಣಿ ಕೆಲಸದವರ ಬದುಕಿನ ಲಯವನ್ನು ತಿಳಿದಿರಬೇಕು. ವಿಮಾನದಲ್ಲಿ ಗಣಿಗೆ ಹೋಗಿ, ಎರಡು ವಾರ ದಿನಕ್ಕೆ 12 ಗಂಟೆ ದುಡಿದು, ಒಂದು ವಾರ ಮನೆಯಲ್ಲಿದ್ದು ಮತ್ತೆ ವಿಮಾನ ಏರುವುದು ಇಲ್ಲಿ ಸಾಮಾನ್ಯ. ಮಗುವಿನ ಹುಟ್ಟುಹಬ್ಬ, ಮನೆಯ ಗಣೇಶ ಚತುರ್ಥಿ, ಹೆಂಡತಿಯ ಜ್ವರ, ಇವು ಯಾವುವೂ ಪಾಳಿಯ ಪಟ್ಟಿಯನ್ನು ಕೇಳಿ ಬರುವುದಿಲ್ಲ. ಕನ್ನಡಿಗ ಕುಟುಂಬಗಳಿಗಂತೂ ಇದು ಇಮ್ಮಡಿ ಒಂಟಿತನ. ಮೊದಲೇ ತವರಿನಿಂದ ದೂರ. ಮನೆಯ ಗಂಡಸೋ ಹೆಂಗಸೋ ಮತ್ತಷ್ಟು ದೂರ ಹೋದಾಗ ಉಳಿದವರಿಗೆ ನೆರವಾಗಲು ಅಜ್ಜಿಯಿಲ್ಲ, ಅತ್ತಿಗೆಯಿಲ್ಲ.

ನಿಯಂತ್ರಣ ಕೇಂದ್ರ 2010ರಲ್ಲಿ ಪರ್ತ್‌ನಲ್ಲಿ ತೆರೆದಾಗ ಅಂಥ ಕೆಲವು ಕೆಲಸಗಳು ನಗರಕ್ಕೇ ಬಂದವು. ಬಯಲುಸೀಮೆಯ ನಮ್ಮ ಸ್ನೇಹಿತರೊಬ್ಬರು ಮೊದಲು ತಿಂಗಳಿಗೆ ಮೂರು ವಾರ ಪಿಲ್ಬರಾದ ಶಿಬಿರದಲ್ಲಿ ಇರುತ್ತಿದ್ದರು. ಈಗ ಪರ್ತ್‌ನಲ್ಲೇ ಪಾಳಿ ಮುಗಿಸಿ, ಮಗಳನ್ನು ಈಜಿನ ತರಗತಿಗೆ ಬಿಟ್ಟು ಮನೆಗೆ ಬರುತ್ತಾರೆ. ಊರಿನಲ್ಲಿರುವ ಅವರ ತಾಯಿಗೆ ಮಾತ್ರ ಇದು ಬಿಡಿಸಲಾಗದ ಒಗಟು. "ರೈಲಿನ ಕೆಲಸ ಅಂತೀಯ, ರೈಲನ್ನೇ ನೋಡೋದಿಲ್ಲ ಅಂತೀಯ. ಇದೆಂಥ ಕೆಲಸನಪ್ಪಾ?" ಎಂದು ಆಕೆ ಫೋನಿನಲ್ಲಿ ಕೇಳುತ್ತಾರಂತೆ. ಆ ಪ್ರಶ್ನೆಯಲ್ಲಿ ನಗುವಂಥದ್ದು ಏನೂ ಇಲ್ಲ. ರೈಲನ್ನು ನೋಡದೆ ರೈಲಿನ ಕೆಲಸ ಮಾಡುವುದು ಎಂದರೇನು ಎಂಬುದು ಎಂಜಿನಿಯರುಗಳೂ ಯೋಚಿಸಬೇಕಾದ ವಿಷಯವೇ.

ಚಾಲಕನ ಕೆಲಸ ಒಂದೇ ಕೆಲಸವಾಗಿರಲಿಲ್ಲ. ಹಲವು ಕೆಲಸಗಳ ಕಟ್ಟಾಗಿತ್ತು. ವೇಗ ಹಿಡಿಯುವುದು, ಬ್ರೇಕ್ ಹಾಕುವುದು ಗಣಕದ ಪಾಲಾಯಿತು. ಹಾದಿ ಕಾಯುವುದು ಪರ್ತ್‌ನ ಪರದೆಯ ಪಾಲಾಯಿತು. ಚಕ್ರದ ಬಿಸಿ ಅರಿಯುವುದು ಹಳಿಬದಿಯ ಸಾಧನದ ಪಾಲಾಯಿತು. ಆದರೆ ಎಂಜಿನ್ನಿನಲ್ಲಿ ಕುಳಿತವನು ಇವುಗಳ ಜೊತೆಗೆ, ಯಾರೂ ಕೇಳದಿದ್ದರೂ, ಇನ್ನೂ ಒಂದಷ್ಟು ಮಾಡುತ್ತಿದ್ದ. ಹಳಿಯ ಸದ್ದು ನಿನ್ನೆಗಿಂತ ಬೇರೆಯಾಗಿದ್ದರೆ ಅವನ ಕಿವಿ ನಿಮಿರುತ್ತಿತ್ತು. ಮಳೆ ಬಂದ ಮರುದಿನ ಮೋರಿಯ ಬಳಿ ಮಣ್ಣು ಕುಸಿದದ್ದು ಕಣ್ಣಿಗೆ ಬೀಳುತ್ತಿತ್ತು. ರಸ್ತೆಬದಿ ಕೆಟ್ಟುನಿಂತ ವಾಹನದ ಪಕ್ಕ ಯಾರೋ ಕೈಬೀಸಿದರೆ ರೇಡಿಯೊದಲ್ಲಿ ಸುದ್ದಿ ಮುಟ್ಟಿಸುತ್ತಿದ್ದ. ಇವುಗಳಲ್ಲಿ ಕೆಲವನ್ನು ಉಪಕರಣಗಳು ಅವನಿಗಿಂತ ಚೆನ್ನಾಗಿ ಮಾಡುತ್ತವೆ, ಬೇಸರಪಡುವುದಿಲ್ಲ, ತೂಕಡಿಸುವುದಿಲ್ಲ. ಕೆಲವನ್ನು ಮಾಡುವುದೇ ಇಲ್ಲ, ಏಕೆಂದರೆ ಹಾಗೆ ಮಾಡಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ.

ಡ್ಯಾಂಪಿಯರ್ ಊರಿನ ಬಾಗಿಲಲ್ಲಿ ಒಂದು ನಾಯಿಯ ಪ್ರತಿಮೆಯಿದೆ. 'ಕೆಂಪು ನಾಯಿ' ಎಂದೇ ಹೆಸರಾದ ಅದು 1970ರ ದಶಕದಲ್ಲಿ ಪಿಲ್ಬರಾದ ತುಂಬ ತಿರುಗಾಡಿತು. ಬಸ್ಸು, ಕಾರು, ಅದಿರಿನ ರೈಲು, ಸಿಕ್ಕಿದ್ದನ್ನು ಏರಿ ಹೋಗುತ್ತಿತ್ತೆಂದು ಅಲ್ಲಿಯವರು ನೆನೆಯುತ್ತಾರೆ. ಅದರ ಮೇಲೆ ಪುಸ್ತಕ ಬಂತು, 2011ರಲ್ಲಿ ಚಲನಚಿತ್ರವೂ ಬಂತು. ಎಂಜಿನ್ನಿನ ಬಾಗಿಲು ತೆರೆದು ನಾಯಿಯೊಂದನ್ನು ಒಳಗೆ ಕರೆದುಕೊಳ್ಳುವುದು ಯಾವ ಸುರಕ್ಷತಾ ನಿಯಮಕ್ಕೂ ಒಪ್ಪುವಂಥದ್ದಲ್ಲ. ಆದರೂ ಹೊಟ್ಟೆಪಾಡಿಗಾಗಿ ಎಲ್ಲೆಲ್ಲಿಂದಲೋ ಬಂದ ಒಂಟಿ ಜನರ ಸೀಮೆಯನ್ನು ಒಂದು ಊರನ್ನಾಗಿಸಿದ್ದು ಇಂಥ ನಿಯಮಬಾಹಿರ ಕರುಣೆಯೇ.

ಸಂಬಳ, ಸಂಘ, ಊರು

ಪಿಲ್ಬರಾದ ಚಾಲಕರನ್ನು ಜಗತ್ತಿನಲ್ಲೇ ಅತಿ ಹೆಚ್ಚು ಸಂಬಳ ಪಡೆಯುವ ರೈಲು ಚಾಲಕರೆಂದು ಪತ್ರಿಕೆಗಳು ಬಣ್ಣಿಸುತ್ತಿದ್ದವು. ವರ್ಷಕ್ಕೆ 2 ಲಕ್ಷ ಡಾಲರ್ ಮೀರಿದ ವೇತನದ ಮಾತು ಆಗಾಗ ಕೇಳಿಬರುತ್ತಿತ್ತು. ಅದು ಸುಮ್ಮನೆ ಬಂದ ಸಂಬಳವಲ್ಲ. 2001ರ ಜೂನ್ 21ರಂದು ಅದೇ ಸೀಮೆಯಲ್ಲಿ ಬಿಎಚ್‌ಪಿ ಸಂಸ್ಥೆ ಎಂಟು ಎಂಜಿನ್, 682 ವ್ಯಾಗನ್‌ಗಳ, 7.3 ಕಿಲೋಮೀಟರ್ ಉದ್ದದ ರೈಲೊಂದನ್ನು ಓಡಿಸಿ ವಿಶ್ವದಾಖಲೆ ಬರೆಯಿತು. ಆ ಇಡೀ ಸರಪಳಿಯನ್ನು 275 ಕಿಲೋಮೀಟರ್ ನಡೆಸಿಕೊಂಡು ಬಂದದ್ದು ಒಬ್ಬನೇ ಚಾಲಕ.

ಹಾಗಾಗಿ ಆಟೊಹಾಲ್ ಬಂದಾಗ ಕಾರ್ಮಿಕ ಸಂಘ ಎದುರು ನಿಂತದ್ದು ಸಹಜ. ಉದ್ಯೋಗದ ಪ್ರಶ್ನೆಯನ್ನೂ ಸುರಕ್ಷತೆಯ ಪ್ರಶ್ನೆಯನ್ನೂ ಅದು ಒಟ್ಟಿಗೆ ಎತ್ತಿತು. ಕೂಡಲೇ ಯಾರನ್ನೂ ಬಲವಂತವಾಗಿ ತೆಗೆಯುವುದಿಲ್ಲ, ಚಾಲಕರಿಗೆ ಬೇರೆ ಕೆಲಸದ ತರಬೇತಿ ಕೊಡುತ್ತೇವೆ ಎಂಬುದು ಸಂಸ್ಥೆಯ ನಿಲುವಾಗಿತ್ತು. ಇಂಥ ಮಾತು ಇದ್ದವರಿಗೆ ಸಮಾಧಾನ ತರಬಹುದು. ಆದರೆ ಕೆಲಸ ಕಳೆದುಕೊಂಡವರನ್ನು ಎಣಿಸಿದರಷ್ಟೇ ಸಾಲದು; ಇನ್ನು ಮುಂದೆ ಆ ಕೆಲಸಕ್ಕೆ ಸೇರಲಾಗದವರನ್ನೂ ಎಣಿಸಬೇಕು. ಕರಾಥಾ, ಟಾಮ್ ಪ್ರೈಸ್‌ನಂಥ ಊರುಗಳಲ್ಲಿ ಶಾಲೆ ಮುಗಿಸಿದ ಹುಡುಗನಿಗೋ ಹುಡುಗಿಗೋ ಎಂಜಿನ್ ಓಡಿಸುವುದು ಊರು ಬಿಡದೆ ಸಿಗಬಹುದಾದ ಒಳ್ಳೆಯ ಸಂಬಳದ ದಾರಿಯಾಗಿತ್ತು. ಆ ದಾರಿ ಈಗ ಪರ್ತ್‌ಗೆ ಹೊರಳಿದೆ. ಅದರ ಫಲ ಉಂಡವರಲ್ಲಿ ವಲಸೆ ಬಂದ ನಮ್ಮಂಥವರೂ ಇದ್ದೇವೆ ಎಂಬುದನ್ನು ಮರೆಯಬಾರದು. ನಮ್ಮ ಕುಟುಂಬಕ್ಕೆ ಹತ್ತಿರವಾದ ಉದ್ಯೋಗ ಇನ್ನೊಬ್ಬರ ಕುಟುಂಬಕ್ಕೆ ದೂರವಾದದ್ದು.

ಗಣಿ ಕಟ್ಟಿದ ಊರನ್ನು ಗಣಿಯೇ ಅಳಿಸುವುದು ಪಿಲ್ಬರಾಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. ಸೀಮೆಯ ಮೊದಲ ರಫ್ತಿನ ಗಣಿಗಳಲ್ಲಿ ಒಂದಾದ ಗೋಲ್ಡ್‌ಸ್ವರ್ದಿಯಲ್ಲಿ ಅದಿರು ತೀರಿದ ಮೇಲೆ, 1990ರ ದಶಕದ ಆರಂಭದಲ್ಲಿ ಆ ಊರನ್ನೇ ಕಿತ್ತುಹಾಕಲಾಯಿತು. ಕುದುರೆಮುಖವನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿಯೂ ಗಣಿಗಾಗಿ ಊರು ಹುಟ್ಟಿತು, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು, ಸಾಲುಮನೆಗಳು ಬರಿದಾದವು. ಕಾಡಿಗೆ ಅದು ಒಳ್ಳೆಯದಾಯಿತು. ಅಲ್ಲಿ ಬಾಳಿದವರಿಗೆ ಮನೆ ಹೋಯಿತು. ಎರಡೂ ನಿಜ.

ಎರಡು ಅವಘಡಗಳು

ಮನುಷ್ಯನಿದ್ದರೆ ಕ್ಷೇಮ, ಯಂತ್ರವಿದ್ದರೆ ಅಪಾಯ ಎಂದು ಸರಳವಾಗಿ ಹೇಳುವಂತಿಲ್ಲ. ಆಟೊಹಾಲ್ ನೆಲೆಯೂರುತ್ತಿದ್ದ 2018ರಲ್ಲೇ, ನವೆಂಬರ್ 5ರಂದು, ಪಿಲ್ಬರಾದಲ್ಲಿ ಒಂದು ರೈಲು ನಿಜಕ್ಕೂ ಚಾಲಕನಿಲ್ಲದೆ ಓಡಿತು. ಆದರೆ ಅದು ಚಾಲಕನಿದ್ದ ರೈಲು. ಬಿಎಚ್‌ಪಿ ಸಂಸ್ಥೆಯ, 268 ವ್ಯಾಗನ್‌ಗಳ ಆ ರೈಲು ಬ್ರೇಕಿನ ಸಂಪರ್ಕದ ತೊಂದರೆಯಿಂದ ನಡುದಾರಿಯಲ್ಲಿ ನಿಂತಿತ್ತು. ವ್ಯಾಗನ್‌ಗಳನ್ನು ಪರಿಶೀಲಿಸಲು ಚಾಲಕ ಕೆಳಗಿಳಿದ. ಅಷ್ಟರಲ್ಲಿ ರೈಲು ತಾನಾಗಿ ಉರುಳತೊಡಗಿತು. ಗಂಟೆಗೆ ಸರಾಸರಿ 110 ಕಿಲೋಮೀಟರ್ ವೇಗದಲ್ಲಿ ಅದು 92 ಕಿಲೋಮೀಟರ್ ಓಡಿತು. ಕೊನೆಗೆ ಪೋರ್ಟ್ ಹೆಡ್‌ಲ್ಯಾಂಡ್‌ನಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿ, ಪರ್ತ್‌ನ ನಿಯಂತ್ರಕರು ಪಾಯಿಂಟ್ ಬದಲಿಸಿ ಅದನ್ನು ಬೇಕೆಂದೇ ಹಳಿ ತಪ್ಪಿಸಿದರು. ಎಂಜಿನ್‌ಗಳೂ ವ್ಯಾಗನ್‌ಗಳೂ ಮುದ್ದೆಯಾದವು, ಒಬ್ಬರಿಗೂ ಗಾಯವಾಗಲಿಲ್ಲ. ಅಂದು ಊರನ್ನು ಕಾಪಾಡಿದ್ದು ದೂರದ ಪರದೆಯ ಮುಂದಿದ್ದವರ ಸಮಯಪ್ರಜ್ಞೆ.

ಇನ್ನೊಂದು ಘಟನೆ 2024ರ ಮೇ ತಿಂಗಳಿನದು. ಕರಾಥಾದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ ರಿಯೊ ಟಿಂಟೊದ ಚಾಲಕನಿಲ್ಲದ ರೈಲೊಂದು ಹಳಿಯ ಮೇಲೆ ನಿಂತಿದ್ದ ವ್ಯಾಗನ್‌ಗಳಿಗೆ ಡಿಕ್ಕಿ ಹೊಡೆದು ಹಳಿ ತಪ್ಪಿತು. ಇಲ್ಲಿಯೂ ಯಾರಿಗೂ ಗಾಯವಾಗಲಿಲ್ಲ. ಎಂಜಿನ್ನಿನಲ್ಲಿ ಚಾಲಕನಿದ್ದಿದ್ದರೆ ಅವನು ಮೊದಲೇ ಕಂಡು ನಿಲ್ಲಿಸುತ್ತಿದ್ದನೇ, ಅಥವಾ ಅವನೇ ಮೊದಲ ಬಲಿಯಾಗುತ್ತಿದ್ದನೇ? ಕಿಲೋಮೀಟರುಗಟ್ಟಲೆ ಓಡಿ ನಿಲ್ಲುವ ರೈಲಿನ ವಿಷಯದಲ್ಲಿ ಎರಡೂ ಸಾಧ್ಯ. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬಹುದು: ಮೊದಲ ಅವಘಡದಲ್ಲಿ ಹತ್ತಿರದಲ್ಲಿದ್ದವನ ಕೈ ತಪ್ಪಿದ್ದನ್ನು ದೂರದವರು ಹಿಡಿದರು, ಎರಡನೆಯದರಲ್ಲಿ ದೂರದ ವ್ಯವಸ್ಥೆಯ ಕಣ್ಣು ತಪ್ಪಿದ್ದನ್ನು ಸರಿಪಡಿಸಲು ಹತ್ತಿರದವರೇ, ಬಿಸಿಲಲ್ಲಿ, ಕ್ರೇನು ಹಿಡಿದು ಹೋಗಬೇಕಾಯಿತು.

ಪರದೆಯಲ್ಲಿ ಕಾಣುವುದು, ಕಾಣದಿರುವುದು

ದೂರದಿಂದ ನೋಡಿಕೊಳ್ಳುವುದರ ಬಲವೂ ಮಿತಿಯೂ ಹೊರದೇಶದಲ್ಲಿರುವ ನಮಗೆ ಚೆನ್ನಾಗಿ ಗೊತ್ತು. ಮೈಸೂರಿನಲ್ಲೋ ಶಿವಮೊಗ್ಗೆಯಲ್ಲೋ ತಂದೆತಾಯಿ ಇಬ್ಬರೇ ಇರುವ ಮನೆಯ ಬಾಗಿಲಿಗೆ ಕ್ಯಾಮೆರಾ ಹಾಕಿಸಿ, ಇಲ್ಲಿ ಬೆಳಿಗ್ಗೆ ಎಂಟೂವರೆಗೆ ಕಚೇರಿಗೆ ಹೊರಡುವ ಮುನ್ನ, ಅಲ್ಲಿ ಆರು ಗಂಟೆಗೆ ಅಮ್ಮ ರಂಗೋಲಿ ಇಡಲು ಹೊರಗೆ ಬಂದರೇ ಎಂದು ನೋಡುವವರು ನಮ್ಮಲ್ಲಿ ಎಷ್ಟೋ ಮಂದಿ. ಬಂದದ್ದು ಪರದೆಯಲ್ಲಿ ಕಾಣುತ್ತದೆ. ಮಂಡಿನೋವಿನಿಂದ ರಂಗೋಲಿಯ ಸುತ್ತು ಒಂದು ಕಡಿಮೆಯಾದದ್ದು ಕಾಣುವುದಿಲ್ಲ. ಅದನ್ನು ಗಮನಿಸುವುದು ಎದುರುಮನೆಯವರು. ಅವರ ಫೋನ್ ಬಂದಾಗಲೇ ನಮ್ಮ ಕ್ಯಾಮೆರಾಕ್ಕೆ ಅರ್ಥ ಬರುವುದು. ಹಾಗೆಯೇ ಪರ್ತ್‌ನ ಪರದೆ ಬದುಕಿರುವುದು ಪಿಲ್ಬರಾದಲ್ಲಿ ಹಳಿ ತಪಾಸಣೆ ಮಾಡುವ, ಬೋಲ್ಟು ಬಿಗಿಯುವ, ನಡುರಾತ್ರಿ ಕೆಟ್ಟ ಸಿಗ್ನಲ್ ಪೆಟ್ಟಿಗೆ ತೆರೆಯುವ ಜನರಿಂದ. ಚಾಲಕನಿಲ್ಲದ ರೈಲು ಮನುಷ್ಯರಿಲ್ಲದ ರೈಲಲ್ಲ. ಮನುಷ್ಯರು ಕಡಿಮೆಯಾಗಿದ್ದಾರೆ, ಚದುರಿದ್ದಾರೆ, ಹೆಸರು ಕಳೆದುಕೊಂಡಿದ್ದಾರೆ, ಅಷ್ಟೆ.

ಪರದೆಗೆ ಕಾಣದ ಇನ್ನೂ ಹಳೆಯ ಸಂಗತಿಗಳು ಆ ನೆಲದಲ್ಲಿವೆ. ಹಳಿಗಳು ಹಾಯುವ ನೆಲ ಮೂಲನಿವಾಸಿಗಳದು. 2020ರ ಮೇ ತಿಂಗಳಲ್ಲಿ ರಿಯೊ ಟಿಂಟೊ ಗಣಿ ವಿಸ್ತರಣೆಗಾಗಿ ಜೂಕನ್ ಕಣಿವೆಯ ಕಲ್ಲಾಸರೆಗಳನ್ನು ಸಿಡಿಸಿತು. 46 ಸಾವಿರ ವರ್ಷಗಳ ಮಾನವ ವಾಸದ ಕುರುಹಿದ್ದ ತಾಣ ಅದು; ಅಲ್ಲಿಯ ಪೂಟು ಕುಂಟಿ ಕುರಾಮಾ ಮತ್ತು ಪಿನಿಕುರಾ ಜನರಿಗೆ ಪವಿತ್ರ ಸ್ಥಳ. ಕಾನೂನಿನ ಅನುಮತಿ ಕಡತದಲ್ಲಿತ್ತು. ನೆಲದ ಮಕ್ಕಳ ಅಳಲು ತೀರ್ಮಾನ ಕೈಗೊಂಡವರ ಮೇಜಿಗೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ, ತಲುಪಿದ್ದಕ್ಕೆ ತಕ್ಕ ಬೆಲೆ ಸಿಗಲಿಲ್ಲ. ಸಂಸತ್ತಿನ ವಿಚಾರಣೆ ನಡೆಯಿತು, ಸಂಸ್ಥೆಯ ಮುಖ್ಯಸ್ಥರು ಹುದ್ದೆ ಬಿಟ್ಟರು. ಕಲ್ಲು ಮರಳಿ ಬರಲಿಲ್ಲ. ರೈಲಿನ ತಂತ್ರಜ್ಞಾನಕ್ಕೂ ಈ ಘಟನೆಗೂ ನೇರ ಸಂಬಂಧವಿಲ್ಲ. ಆದರೆ ದೂರದಲ್ಲಿ ಕುಳಿತು ನೆಲವನ್ನು ಆಳುವ ಅಭ್ಯಾಸ ಎರಡರಲ್ಲೂ ಒಂದೇ. ಪರದೆಗೆ ಬರದ ಮಾತನ್ನು ಕೇಳಿಸಿಕೊಳ್ಳುವ ದಾರಿಯನ್ನು ಬೇರೆಯಾಗಿಯೇ ಕಟ್ಟಿಕೊಳ್ಳಬೇಕಾಗುತ್ತದೆ.

ನಮ್ಮ ನೆಲಕ್ಕೂ ಬರುವ ಪ್ರಶ್ನೆ

ಕರ್ನಾಟಕಕ್ಕೆ ಚಾಲಕನಿಲ್ಲದ ಸಾಗಣೆ ಅಪರಿಚಿತವೇನಲ್ಲ. ಕುದುರೆಮುಖದ ಅದಿರು ನೀರಿನಲ್ಲಿ ಬೆರೆತು, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿನ ಪಣಂಬೂರಿಗೆ ತಾನೇ ಹರಿದು ಬರುತ್ತಿತ್ತು. ಅದೇ ನಾಡಿನ ಇನ್ನೊಂದು ಮೂಲೆಯಲ್ಲಿ, ಬಳ್ಳಾರಿ–ಸಂಡೂರಿನ ಅದಿರು ಲಾರಿಗಳ ಮೇಲೆ ಹೊರಟು ರಸ್ತೆಯನ್ನೂ ಬೆಳೆಯನ್ನೂ ಜನರ ಉಸಿರನ್ನೂ ಕೆಂಪಾಗಿಸಿತು. ಪ್ರತಿ ಲಾರಿಯಲ್ಲೂ ಚಾಲಕನಿದ್ದ, ಕ್ಲೀನರ್ ಇದ್ದ, ಆದರೂ ಲೆಕ್ಕಕ್ಕೆ ಸಿಗದ ಅದಿರು ಎಷ್ಟೋ ಹೋಯಿತು. ಆದ್ದರಿಂದ ಮನುಷ್ಯನ ಇರುವಿಕೆಯೊಂದೇ ನ್ಯಾಯಕ್ಕೆ ಖಾತರಿಯಲ್ಲ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಲ್ಲಿ ಆರಂಭವಾದ ಮೆಟ್ರೊದ ಹಳದಿ ಮಾರ್ಗಕ್ಕೆ ಬಂದಿರುವ ರೈಲುಗಳು ಚಾಲಕನಿಲ್ಲದೆಯೂ ಓಡಬಲ್ಲಂಥವು. ಇಂದು ಪಿಲ್ಬರಾ ಎದುರಿಸುವ ಪ್ರಶ್ನೆ ನಾಳೆ ಬೊಮ್ಮಸಂದ್ರದಲ್ಲೂ ಏಳುತ್ತದೆ.

ಆಗ ನಾವು ಕೇಳಬೇಕಾದದ್ದು ರೈಲಿನಲ್ಲಿ ಚಾಲಕನಿದ್ದಾನೆಯೇ ಎಂಬುದನ್ನು ಮಾತ್ರವಲ್ಲ. ಅವನ ಕೆಲಸದ ಯಾವ ಯಾವ ತುಂಡು ಯಾರ ಕೈ ಸೇರಿತು? ಯಾರ ಕೈಗೂ ಸೇರದೆ ಬಿದ್ದುಹೋದ ತುಂಡು ಯಾವುದು? ಉಳಿದ ಸಂಬಳದ ಒಂದು ಪಾಲಾದರೂ ಹಳಿ ಹಾಯುವ ಊರಿನ ಶಾಲೆಗೆ, ಆಸ್ಪತ್ರೆಗೆ, ಅಲ್ಲಿಯ ಮಕ್ಕಳ ತರಬೇತಿಗೆ ಮರಳುತ್ತಿದೆಯೇ? ತಪ್ಪಾದಾಗ ಎದುರು ನಿಂತು ಉತ್ತರ ಹೇಳುವ ಮುಖ ಯಾವುದು? ಹೊಸ ಯಂತ್ರ ತಂದವರು ಇವುಗಳಿಗೆ ಮೊದಲೇ ಉತ್ತರ ಬರೆದಿಟ್ಟಿದ್ದರೆ ಯಂತ್ರಕ್ಕೆ ಅಂಜಬೇಕಿಲ್ಲ. ನಮ್ಮ ಎಂಜಿನಿಯರುಗಳು ಇಂಥ ವ್ಯವಸ್ಥೆಗಳನ್ನು ಕಟ್ಟುವ ಕೋಣೆಯಲ್ಲೇ ಕುಳಿತಿದ್ದಾರೆ. ಈ ಪ್ರಶ್ನೆಗಳನ್ನು ಅಲ್ಲಿ ಎತ್ತಬೇಕಾದವರು ಅವರೇ.

ಪರ್ತ್‌ಗೆ ಬರುವ ಬಂಧುಗಳನ್ನು ನಾವು ಕಡಲತೀರಕ್ಕೆ, ಕಾಂಗರೂ ನೋಡಲು ಕರೆದೊಯ್ಯುತ್ತೇವೆ. ರಜೆ ಹೆಚ್ಚಿದ್ದರೆ ಚಳಿಗಾಲದಲ್ಲಿ ಒಮ್ಮೆ ಉತ್ತರಕ್ಕೆ ಹೋಗಿಬನ್ನಿ. ಕರಾಥಾದಿಂದ ಟಾಮ್ ಪ್ರೈಸ್‌ಗೆ ಹಳಿಯ ಪಕ್ಕದಲ್ಲೇ ಸಂಸ್ಥೆಯ ಸ್ವಂತ ರಸ್ತೆಯೊಂದಿದೆ. ಪರವಾನಗಿ ಪಡೆದರೆ ಅದರಲ್ಲಿ ಸಾಗಬಹುದು. ನೀರು, ಊಟ, ಹೆಚ್ಚುವರಿ ಟೈರು ಜೊತೆಗಿರಲಿ. ದಾರಿಯಲ್ಲಿ ಫೋನಿನ ಸಂಪರ್ಕ ನೆಚ್ಚುವಂತಿಲ್ಲ. ಲೆವೆಲ್ ಕ್ರಾಸಿಂಗಿನ ಕೆಂಪು ದೀಪ ಹೊತ್ತಿಕೊಂಡರೆ ವಾಹನ ನಿಲ್ಲಿಸಿ, ಮಕ್ಕಳಿಗೆ ವ್ಯಾಗನ್ ಎಣಿಸಲು ಹೇಳಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬಂದರೂ ರೈಲು ಪೂರ್ತಿ ದಾಟಲು ಸುಮಾರು 108 ಸೆಕೆಂಡು ಹಿಡಿಯುತ್ತದೆ. ಎಂಜಿನ್ನಿನ ಕಿಟಕಿಯಲ್ಲಿ ಕೈಬೀಸುವವರು ಯಾರೂ ಇರುವುದಿಲ್ಲ. ಆದರೆ ಕ್ರಾಸಿಂಗಿನ ಕಂಬದ ಮೇಲೆ ಕ್ಯಾಮೆರಾ ಇದ್ದರೆ, ಅದೇ ಗಳಿಗೆಯಲ್ಲಿ ಪರ್ತ್‌ನ ಪರದೆಯೊಂದರಲ್ಲಿ ನಿಮ್ಮ ವಾಹನವೂ ಪಕ್ಕದಲ್ಲಿ ನಿಂತ ನಿಮ್ಮ ಮಕ್ಕಳೂ ಕಾಣುತ್ತಿರಬಹುದು. ನೋಡುತ್ತಿರುವವರು ದಾವಣಗೆರೆಯವರೇ ಆಗಿದ್ದರೂ ಆಶ್ಚರ್ಯವಿಲ್ಲ.